ಹುಲಿಗೆ ಕಡಿಮೆ ಪುಟ ಯಾಕೆ?

ಮಾನ್ಯ ಓದುಗರೇ,

ನಮ್ಮ ಪ್ರಾಣಿವೈವಿಧ್ಯ ವಿಶೇಷಾಂಕ ಓದಿ ನೀವು ಬರೆದ ಪತ್ರ ತಲುಪಿತು. ಹುಲಿ, ಆನೆ, ತಿಮಿಂಗಿಲ ಎಲ್ಲಕ್ಕೂ ಸೇರಿ 3 ಪುಟ, ಕಣ್ಣಿಗೇ ಕಾಣದ ಹುಳುಗಳಿಗೆ 14 ಪುಟ ಕೊಟ್ಟದ್ದು ಅನ್ಯಾಯ, ಸೂಕ್ಷ್ಮದರ್ಶಕದ ವಿಷಯವೇನಿದ್ದರೂ ರೋಗಾಣುಗಳ ಸಂಚಿಕೆಗೆ ಇರಲಿ ಎಂದಿದ್ದೀರಿ. ಜೊತೆಗೊಂದು ಪ್ರಶ್ನೆಯನ್ನೂ ಕೇಳಿದ್ದೀರಿ: ಮಗಳಿಗೆ ಕೊಡಿಸಿದ ಸೂಕ್ಷ್ಮದರ್ಶಕದಲ್ಲಿ ಕೊಳದ ನೀರನ್ನು 1000 ಪಟ್ಟು ಹಿಗ್ಗಿಸಿ ನೋಡಿದರೂ ಬರೀ ಮಸುಕು ಕಾಣುತ್ತದೆ, ಉಪಕರಣವೇ ಕೆಟ್ಟದ್ದೇ ಎಂದು.

ಮೊದಲು ಪುಟಗಳ ಮಾತು. ಆ ಹಂಚಿಕೆ ಸರಿಯೆಂದೇ ನನ್ನ ನಿಲುವು. ಹುಲಿ, ಹದ್ದು, ಕಪ್ಪೆ, ಮೀನು ಹೊರನೋಟಕ್ಕೆ ಎಷ್ಟೇ ಬೇರೆಯಾಗಿದ್ದರೂ ಎಲ್ಲವೂ ಕಾರ್ಡೇಟಾ ಎಂಬ ಒಂದೇ ವಂಶಕ್ಕೆ (ಫೈಲಮ್) ಸೇರಿದವು. ಬೆನ್ನುಮೂಳೆಯ ಸುತ್ತ ಕಟ್ಟಿದ ಒಂದೇ ಮೈವಿನ್ಯಾಸದ ಮಾರ್ಪಾಡುಗಳು. ಪ್ರಾಣಿಶಾಸ್ತ್ರ ಇಂಥ 30ಕ್ಕೂ ಹೆಚ್ಚು ವಂಶಗಳನ್ನು ಗುರುತಿಸಿದೆ. ಅವುಗಳಲ್ಲಿ ಹಲವು ವಂಶಗಳ ಸದಸ್ಯರೆಲ್ಲ ಒಂದೆರಡು ಮಿಲಿಮೀಟರ್‌ಗಿಂತ ಚಿಕ್ಕವರು. ಹೆಸರಿಟ್ಟಿರುವ 15 ಲಕ್ಷಕ್ಕೂ ಮಿಕ್ಕ ಪ್ರಾಣಿ ಪ್ರಭೇದಗಳಲ್ಲಿ ಬೆನ್ನೆಲುಬಿರುವವು ಸುಮಾರು 70,000 ಮಾತ್ರ. ಹೀಗಿರುವಾಗ ಮಸೂರವನ್ನು ಬದಿಗಿಟ್ಟು ವೈವಿಧ್ಯದ ಬಗ್ಗೆ ಬರೆಯುವುದು ಹೇಗೆ?

ಚಿಕ್ಕದೆಂದರೆ ಸರಳ ಎಂಬ ಭಾವನೆ ನಿಮ್ಮ ಪತ್ರದ ಉದ್ದಕ್ಕೂ ಇದೆ. ಅದನ್ನು ಒಪ್ಪಲಾರೆ. ರೋಟಿಫರ್ ಎಂಬ ನೀರಜೀವಿಯ ಮೈಯಲ್ಲಿರುವುದು ಸುಮಾರು 1000 ಜೀವಕೋಶಗಳು. ಅಷ್ಟರಲ್ಲೇ ಮಿದುಳು, ಸ್ನಾಯು, ಜಠರ, ಆಹಾರ ಅರೆಯುವ ದವಡೆ ಎಲ್ಲವೂ ಅಡಕವಾಗಿವೆ. ಮೆಗಾಫ್ರಾಗ್ಮಾ ಎಂಬ ಕಣಜದ ಉದ್ದ ಸುಮಾರು 0.2 ಮಿಲಿಮೀಟರ್, ಅಂದರೆ ಪ್ಯಾರಾಮೀಸಿಯಂ ಎಂಬ ಏಕಕೋಶ ಜೀವಿಯಷ್ಟೇ. ಆದರೆ ಅದಕ್ಕೆ ಕಣ್ಣು, ರೆಕ್ಕೆ, ಆರು ಕಾಲು ಇವೆ; ಹಾರುತ್ತದೆ, ಬೇರೆ ಕೀಟದ ಮೊಟ್ಟೆ ಹುಡುಕಿ ಅದರೊಳಗೆ ತನ್ನ ಮೊಟ್ಟೆಯಿಡುತ್ತದೆ. ಜಾಗ ಸಾಲದೆ ಅದರ ನರಕೋಶಗಳಲ್ಲಿ ಬಹುಪಾಲು, ಕೀಟ ಪ್ರೌಢವಾಗುವ ಹೊತ್ತಿಗೆ, ತಮ್ಮ ಕೋಶಕೇಂದ್ರವನ್ನೇ ಕಳೆದುಕೊಂಡಿರುತ್ತವೆ. ನನ್ನ ಮಟ್ಟಿಗೆ ಇದು ಆನೆಯ ಸೊಂಡಿಲಿಗಿಂತ ದೊಡ್ಡ ಅಚ್ಚರಿ.

ಇದೆಲ್ಲ ಮುಗಿದುಹೋದ ಹಳೆಯ ಸಂಶೋಧನೆಯೂ ಅಲ್ಲ. ನೆದರ್ಲೆಂಡ್ಸಿನ ಡೆಲ್ಫ್ಟ್ ಪಟ್ಟಣದ ಬಟ್ಟೆ ವ್ಯಾಪಾರಿ ಲೇವನ್‌ಹುಕ್ ಒಂಟಿ ಮಸೂರದ ಸೂಕ್ಷ್ಮದರ್ಶಕದಲ್ಲಿ ಕೆರೆಯ ನೀರಿನ ಜೀವಿಗಳನ್ನು ಕಂಡು ವರದಿ ಮಾಡಿದ್ದು 1674ರಲ್ಲಿ. ಅಲ್ಲಿಂದ ಮುನ್ನೂರು ವರ್ಷ ಕಳೆದ ಮೇಲೂ ಇಡೀ ವಂಶಗಳೇ ಹೊಸದಾಗಿ ಸಿಕ್ಕಿವೆ. ಲಾರಿಸಿಫೆರಾ ವಂಶವನ್ನು ಡೆನ್ಮಾರ್ಕಿನ ಪ್ರಾಣಿವಿಜ್ಞಾನಿ ಕ್ರಿಸ್ಟೆನ್ಸನ್ 1983ರಲ್ಲಿ ಜಗತ್ತಿಗೆ ಪರಿಚಯಿಸಿದರು. ಫ್ರಾನ್ಸಿನ ರಾಸ್ಕಾಫ್‌ನಲ್ಲಿ ಕೆಲಸ ಮುಗಿಸುವ ಅವಸರದಲ್ಲಿ ಅವರು ಕಡಲ ಮರಳನ್ನು ಸಿಹಿನೀರಿನಲ್ಲಿ ತೊಳೆದಿದ್ದರು. ಮರಳಿನ ಕಣಗಳಿಗೆ ಬಿಗಿಯಾಗಿ ಅಂಟಿಕೊಂಡು ಅದುವರೆಗೆ ಯಾರ ಕೈಗೂ ಬಾರದ ಜೀವಿಗಳು ಆ ಆಘಾತಕ್ಕೆ ಹಿಡಿತ ಬಿಟ್ಟವು. 1995ರಲ್ಲಿ ಅವರೇ ಪೀಟರ್ ಫುಂಚ್ ಜೊತೆಗೂಡಿ ಸೈಕ್ಲಿಯೋಫೋರಾ ಎಂಬ ವಂಶವನ್ನು ವಿವರಿಸಿದರು. ಅದು ಸಿಕ್ಕಿದ್ದು ಜನ ತಲೆಮಾರುಗಳಿಂದ ಹಿಡಿದು ತಿನ್ನುತ್ತಿದ್ದ ನಾರ್ವೆ ಲಾಬ್‌ಸ್ಟರಿನ ಬಾಯಿಯ ಬಿರುಗೂದಲುಗಳ ಮೇಲೆ! 2000ದಲ್ಲಿ ಗ್ರೀನ್‌ಲ್ಯಾಂಡಿನ ತಣ್ಣನೆಯ ಚಿಲುಮೆಯೊಂದರಲ್ಲಿ ಸಿಕ್ಕಿದ್ದ ಮೈಕ್ರೋಗ್ನಾಥೊಜೋವಾ ಎಂಬ ಗುಂಪಿನ ವಿವರಣೆ ಬಂತು. ಹುಲಿಗಳ ಲೋಕದಲ್ಲಿ ಹೊಸ ಪ್ರಭೇದವೊಂದು ಸಿಕ್ಕರೆ ಪತ್ರಿಕೆಗಳ ಮುಖಪುಟಕ್ಕೆ ಬರುತ್ತದೆ. ಇಲ್ಲಿ ಸಿಕ್ಕಿದ್ದು ಬದುಕುವ ಹೊಸ ವಿನ್ಯಾಸವೇ, ಸುದ್ದಿ ಮಾತ್ರ ಹೆಚ್ಚು ಜನರಿಗೆ ತಲುಪಲಿಲ್ಲ. ನಮ್ಮ 14 ಪುಟಗಳು ಆ ಕೊರತೆ ತುಂಬಲೆಂದೇ ಇದ್ದವು.

ಇನ್ನು ಮಗಳ ಸೂಕ್ಷ್ಮದರ್ಶಕ. ಅದು ಕೆಟ್ಟಿರಲಿಕ್ಕಿಲ್ಲ. 1000 ಪಟ್ಟು ಹಿಗ್ಗಿಸಲು 10 ಪಟ್ಟಿನ ಕಣ್ಣುಮಸೂರದ ಜೊತೆ ಬಳಸುವ 100 ಪಟ್ಟಿನ ವಸ್ತುಮಸೂರ (ಸ್ಲೈಡಿನ ಹತ್ತಿರದ ಮಸೂರ) ಸಾಮಾನ್ಯವಾಗಿ ಮಸೂರಕ್ಕೂ ಗಾಜಿಗೂ ನಡುವೆ ವಿಶೇಷ ಎಣ್ಣೆ ಹಾಕಿ ಬಳಸಬೇಕಾದದ್ದು. ಎಣ್ಣೆ ಹಾಕಿದರೂ 1000 ಪಟ್ಟಿನಲ್ಲಿ ಕಾಣುವ ವೃತ್ತದ ಅಗಲ ಸುಮಾರು 0.2 ಮಿಲಿಮೀಟರ್ ಅಷ್ಟೇ. ನೀರುಕರಡಿ ಎಂಬ ಅರ್ಧ ಮಿಲಿಮೀಟರ್ ಉದ್ದದ ಸೂಕ್ಷ್ಮಪ್ರಾಣಿಯ ಕಾಲೊಂದು ಕಂಡರೆ ತಲೆ ಕಾಣದು. ಅಲ್ಲಿ ಸ್ಪಷ್ಟವಾಗಿ ಕಾಣುವ ಪದರವೂ ಬಲು ತೆಳು. ಈಜುವ ಜೀವಿ ಅದರೊಳಗೆ ನಿಲ್ಲುವುದೇ ಇಲ್ಲ. 2000 ಪಟ್ಟಿನದನ್ನು ಕೊಡಿಸಿದರೆ ಸರಿಹೋದೀತೇ ಎಂದೂ ಕೇಳಿದ್ದೀರಿ. ಖಂಡಿತ ಬೇಡ. ಬೆಳಕಿನ ಅಲೆಯುದ್ದದ ಅರ್ಧಕ್ಕಿಂತ ಹತ್ತಿರವಿರುವ ಎರಡು ಬಿಂದುಗಳನ್ನು ಸಾಮಾನ್ಯ ಸೂಕ್ಷ್ಮದರ್ಶಕ ಬೇರೆಬೇರೆಯಾಗಿ ತೋರಿಸಲಾರದು ಎಂದು ಜರ್ಮನ್ ಭೌತವಿಜ್ಞಾನಿ ಎರ್ನ್‌ಸ್ಟ್ ಅಬ್ಬೆ 1873ರಲ್ಲೇ ತೋರಿಸಿಕೊಟ್ಟರು. ಆ ಮಿತಿಯಾಚೆ ಹಿಗ್ಗಿಸಿದರೆ ಮಸುಕೇ ದೊಡ್ಡದಾಗುತ್ತದೆ.

ಇಂಥ ಪ್ರಾಣಿಗಳನ್ನು ನೋಡಲು ಬೇಕಾದದ್ದು ಒಟ್ಟು 40 ಪಟ್ಟು, ಹೆಚ್ಚೆಂದರೆ 100. ಒಣಗಿದ ಪಾಚಿಯ (ಮಾಸ್) ಚೂರನ್ನು ಮಳೆನೀರಿನಲ್ಲಿ ಒಂದು ರಾತ್ರಿ ನೆನೆಸಿ, ಮರುದಿನ ಹಿಂಡಿ, ತಳದಲ್ಲಿ ನಿಂತ ಗಸಿಯ ಒಂದು ಹನಿಯನ್ನು ಸ್ಲೈಡಿನ ಮೇಲೆ ಹಾಕಲಿ. ಹತ್ತಿಯ ಒಂದೆರಡು ಎಳೆ ಇಟ್ಟು ಕವರ್‌ಸ್ಲಿಪ್ ಮುಚ್ಚಿದರೆ ಜೀವಿಗಳು ಜಜ್ಜಿಹೋಗುವುದಿಲ್ಲ, ಓಟವೂ ನಿಧಾನವಾಗುತ್ತದೆ. ಕೆಳಗಿನ ಬೆಳಕಿನ ಕಿಂಡಿಯನ್ನು ಅರ್ಧ ಮುಚ್ಚಬೇಕು, ಇಲ್ಲದಿದ್ದರೆ ಪಾರದರ್ಶಕ ಮೈಯವು ಬೆಳಕಿನಲ್ಲೇ ಕರಗಿಹೋಗುತ್ತವೆ. ಮೊದಲ ಹನಿಯಲ್ಲಿ ಏನೂ ಸಿಗದಿದ್ದರೆ ಮತ್ತೊಂದು ಹನಿ, ಬೇರೊಂದು ಪಾಚಿ. ಅವಳು ಕಂಡದ್ದರ ಚಿತ್ರವನ್ನು ಪೆನ್ಸಿಲಿನಲ್ಲಿ ಬರೆದು ಕಳಿಸಲಿ; ಯಾವ ವಂಶದ್ದೆಂದು ಗುರುತಿಸಲು ನಾವು ನೆರವಾಗುತ್ತೇವೆ.

– ಸಂಪಾದಕ