ಸೋದರಮಾವನ ಟ್ರಂಕಿನಲ್ಲಿದ್ದ ಕ್ರಿಸ್ಟೀನ್ ಪರ್ಫೆಕ್ಟ್

ಪ್ರಶ್ನೆ: ನನ್ನ ಸೋದರಮಾವ 1960ರ ದಶಕದ ಕೊನೆಯಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಓದುತ್ತಿದ್ದರು. ಅವರು ತೀರಿಕೊಂಡ ಮೇಲೆ ಟ್ರಂಕ್ ತೆಗೆದರೆ ‘ಚಿಕನ್ ಶ್ಯಾಕ್’ ಎಂಬ ಬ್ಲೂಸ್ (ಅಮೆರಿಕದ ಕಪ್ಪುಜನರ ಹಾಡಿನಿಂದ ಬಂದ ಸಂಗೀತ) ತಂಡದ ಎಲ್‌ಪಿ, ಅಂದರೆ ದೊಡ್ಡ ರೆಕಾರ್ಡ್ ತಟ್ಟೆ, ಸಿಕ್ಕಿತು. ಹೆಸರು ‘40 ಬ್ಲೂ ಫಿಂಗರ್ಸ್, ಫ್ರೆಶ್‌ಲಿ ಪ್ಯಾಕ್ಡ್ ಅಂಡ್ ರೆಡಿ ಟು ಸರ್ವ್’. ಪಿಯಾನೋ ಕ್ರಿಸ್ಟೀನ್ ಪರ್ಫೆಕ್ಟ್ ಅವರದು. ಮಾವ ‘ವೆನ್ ದ ಟ್ರೇನ್ ಕಮ್ಸ್ ಬ್ಯಾಕ್’, ‘ಯು ಏಂಟ್ ನೋ ಗುಡ್’ ಎಂಬ ಎರಡು ಹಾಡಿಗೆ ಮಾತ್ರ ಪೆನ್ಸಿಲ್‌ನಲ್ಲಿ ಗುರುತು ಹಾಕಿದ್ದಾರೆ. ಇವರೇ ಹೆಸರಾಂತ ರಾಕ್ ತಂಡ ಫ್ಲೀಟ್‌ವುಡ್ ಮ್ಯಾಕ್‌ನ ಕ್ರಿಸ್ಟೀನ್ ಮೆಕ್‌ವೀ ಅಂತಾಳೆ ಮಗಳು. ನಿಜವೇ? ಒಳ್ಳೆಯ ಬೆಲೆ ಬರುತ್ತದೆಯೇ?
– ಓದುಗರು, ಮೈಸೂರು

ಉತ್ತರ: ನಿಮ್ಮ ಮಗಳು ಹೇಳಿದ್ದು ನಿಜ. ಪತ್ರ ಓದಿದವಳೇ ಎದ್ದು ಹೋಗಿ ನನ್ನ ಪ್ರತಿಯನ್ನು ಹಾಕಿದೆ. ಎರಡೂ ಬದಿ ಕೇಳಿ ಮುಗಿಸಿ ಈಗ ಬರೆಯಲು ಕೂತಿದ್ದೇನೆ.

ಪರ್ಫೆಕ್ಟ್ ಎನ್ನುವುದು ವೇದಿಕೆಗೆಂದು ಇಟ್ಟುಕೊಂಡ ಹೆಸರಲ್ಲ, ತವರುಮನೆಯದು. ಕ್ರಿಸ್ಟೀನ್ ಹುಟ್ಟಿದ್ದು 1943ರ ಜುಲೈ 12ರಂದು. ಬೆಳೆದದ್ದು ಬರ್ಮಿಂಗ್‌ಹ್ಯಾಮ್‌ಗೆ ಅಂಟಿಕೊಂಡ ಬೇರ್‌ವುಡ್‌ನಲ್ಲಿ. ಮದುವೆಯಾಗಿ ಧಾರವಾಡದಿಂದ ಬಂದ ನಾನು ಮನೆ ಮಾಡಿದ್ದೂ ಅದೇ ಬೇರ್‌ವುಡ್‌ನಲ್ಲಿ. ದಿನಾ ತರಕಾರಿಗೆ ಹೋಗುವ ರಸ್ತೆಯಲ್ಲಿ ಆ ಹುಡುಗಿ ಶಾಲೆಗೆ ನಡೆದಿರಬಹುದು ಎಂದು ಎಷ್ಟು ಸಲ ಅಂದುಕೊಂಡಿದ್ದೇನೋ. ತಂದೆ ಸಿರಿಲ್ ಪಿಟೀಲು ನುಡಿಸುವವರು, ಸಂಗೀತದ ಮೇಷ್ಟ್ರು. ಮಗಳು ಶಾಸ್ತ್ರೀಯ ಪಿಯಾನೋ ಕಲಿಯುತ್ತಿದ್ದಳು. ಹದಿನೈದನೇ ವಯಸ್ಸಿಗೆ ಅಣ್ಣ ಜಾನ್ ತಂದ, ಅಮೆರಿಕದ ರಾಕ್ ಅಂಡ್ ರೋಲ್ ಪಿಯಾನೋದ ಫ್ಯಾಟ್ಸ್ ಡಾಮಿನೋ ಹಾಡುಗಳ ಸ್ವರಪುಸ್ತಕ ಕೈಗೆ ಸಿಕ್ಕಿತು. ಅಲ್ಲಿಂದ ದಾರಿ ಬೇರೆಯಾಯಿತು.

ಬರ್ಮಿಂಗ್‌ಹ್ಯಾಮ್‌ನಲ್ಲಿ ಶಿಲ್ಪಕಲೆ ಓದುವಾಗಲೇ ಗಿಟಾರ್‌ನ ಸ್ಟಾನ್ ವೆಬ್, ಬೇಸ್ ಗಿಟಾರ್‌ನ ಆಂಡಿ ಸಿಲ್ವೆಸ್ಟರ್ ಜೊತೆ ನುಡಿಸಿದರು. ಆಮೇಲೆ ಲಂಡನ್ನಿನ ಬಟ್ಟೆ ಅಂಗಡಿಯೊಂದರಲ್ಲಿ ಗಾಜಿನ ಕಿಟಕಿಯೊಳಗೆ ಬೊಂಬೆಗಳಿಗೆ ಉಡುಪು ತೊಡಿಸುವ ಕೆಲಸ. ಆ ಹಳೆಯ ಗೆಳೆಯರೇ ಚಿಕನ್ ಶ್ಯಾಕ್ ಕಟ್ಟಿ ಕರೆದಾಗ ಕೆಲಸ ಬಿಟ್ಟು ಹೊರಟರು. 1967ರ ಆಗಸ್ಟ್‌ನಲ್ಲಿ ವಿಂಡ್ಸರ್‌ನ ಜಾಜ್ ಮತ್ತು ಬ್ಲೂಸ್ ಉತ್ಸವದಲ್ಲಿ ತಂಡ ವೇದಿಕೆ ಹತ್ತಿತು. ಫ್ಲೀಟ್‌ವುಡ್ ಮ್ಯಾಕ್ ಜನರೆದುರು ಮೊದಲು ನುಡಿಸಿದ್ದೂ ಅದೇ ಉತ್ಸವದಲ್ಲಿ. ಮರುವರ್ಷ ಆ ತಂಡದ ಬೇಸ್ ಗಿಟಾರ್‌ನ ಜಾನ್ ಮೆಕ್‌ವೀ ಅವರನ್ನು ಮದುವೆಯಾದರು.

ನಿಮ್ಮ ಎಲ್‌ಪಿ 1968ರದು. ನಾಲ್ವರ ನಲವತ್ತು ಬೆರಳನ್ನು ಡಬ್ಬಿಯಲ್ಲಿ ತುಂಬಿ ಬಡಿಸಲು ಕೊಟ್ಟಂತಿದೆ ಹೆಸರು. ಬ್ರಿಟನ್ನಿನ ಎಲ್‌ಪಿ ಮಾರಾಟದ ಪಟ್ಟಿಯಲ್ಲಿ ಅದು 12ನೇ ಸ್ಥಾನ ಮುಟ್ಟಿತ್ತು. ಈಗ ಮಾವನ ಪೆನ್ಸಿಲ್ ಗುರುತಿನ ವಿಷಯ. ಆ ಎಲ್‌ಪಿಯಲ್ಲಿ ಬಹುಪಾಲು ವೆಬ್ ಅವರ ಗಿಟಾರ್, ವೆಬ್ ಅವರ ದನಿ. ಕ್ರಿಸ್ಟೀನ್ ತಾವೇ ಬರೆದು ತಾವೇ ಹಾಡಿದ್ದು ಎರಡೇ ಎರಡು. ನಿಮ್ಮ ಮಾವ ಗುರುತು ಹಾಕಿರುವುದು ಆ ಎರಡಕ್ಕೇ! ಮುಂದೆ ಆಕೆ ಯಾರಾಗುತ್ತಾರೆಂದು ಅಂದು ಯಾರಿಗೂ ಗೊತ್ತಿರಲಿಲ್ಲ, ಅವರ ಹಾಡುಗಳಿದ್ದ ಫ್ಲೀಟ್‌ವುಡ್ ಮ್ಯಾಕ್ ಎಲ್‌ಪಿ ‘ರೂಮರ್ಸ್’ ಬಂದದ್ದೇ 1977ರಲ್ಲಿ. ಹಾಸ್ಟೆಲ್ ಕೋಣೆಯಲ್ಲಿ ಕೂತಿದ್ದ ಆ ಹುಡುಗನ ಕಿವಿ ಬಹಳ ಚುರುಕು.

ಬೆಲೆ ಹೇಳಬೇಕೆಂದರೆ ತಟ್ಟೆಯ ಸ್ಥಿತಿ ನೋಡಬೇಕು. ಮೊದಲ ಅಚ್ಚೋ ಮರುಮುದ್ರಣವೋ ಎಂಬುದೂ ಮುಖ್ಯ. ಒಮ್ಮೆ ಅಂಚೆಯಲ್ಲಿ ರೆಕಾರ್ಡ್ ಮಾರುವವರೊಬ್ಬರು ಕ್ರಿಸ್ಟೀನ್ ಅವರ 1970ರ ಸ್ವಂತ ಎಲ್‌ಪಿ ಎಂದು ಹೇಳಿ ನನಗೆ 1976ರ ಮರುಮುದ್ರಣ ಕಳಿಸಿದ್ದರು, ಹಣ ಮಾತ್ರ ಮೊದಲ ಅಚ್ಚಿನದೇ. ಅಂದಿನಿಂದ ಲೇಬಲ್ಲನ್ನೂ, ಹಾಡು ಮುಗಿದ ಮೇಲಿನ ಖಾಲಿ ಜಾಗದಲ್ಲಿ ಗೀರಿದ ಅಕ್ಷರಗಳನ್ನೂ ಬೆಳಕಿಗೆ ಹಿಡಿದು ಓದದೆ ಕೊಂಡಿಲ್ಲ. ನಿಮ್ಮ ಪ್ರತಿಯನ್ನು ಮಾರಬೇಡಿ ಎಂದೇ ನನ್ನ ಮಾತು. ಪೆನ್ಸಿಲ್ ಗೀಟು ಇದ್ದರೆ ಅಂಗಡಿಯವರು ಬೆಲೆ ಇಳಿಸುತ್ತಾರೆ. ನಿಮ್ಮ ಮನೆಗೆ ಆ ಗೀಟೇ ಆಸ್ತಿ.

ಪ್ರಶ್ನೆ: ಬ್ಲೂಸ್ ಗಿಟಾರ್‌ನಲ್ಲಿ ತಂತಿ ಎಳೆದು ಸ್ವರ ಜಾರಿಸುತ್ತಾರೆ. ಪಿಯಾನೋದಲ್ಲಿ ಅದು ಹೇಗೆ ಸಾಧ್ಯ? ನಾನು ಯಕ್ಷಗಾನದ ಹಾಡಿಗೆ ಹಾರ್ಮೋನಿಯಂ ಅಭ್ಯಾಸ ಮಾಡುತ್ತೇನೆ, ಅದಕ್ಕೇ ಕೇಳುತ್ತಿದ್ದೇನೆ.
– ಓದುಗರು, ಉಡುಪಿ

ಉತ್ತರ: ಹಾರ್ಮೋನಿಯಂ ನುಡಿಸುವವರಿಗೇ ಹೊಳೆಯುವ ಪ್ರಶ್ನೆ ಇದು. ಬ್ಲೂಸ್ ಹಾಡುವವರ ಗಾಂಧಾರ (ಗ ಸ್ವರ) ಕೆಳಗಿನ ‘ಸಾಧಾರಣ’ವೂ ಅಲ್ಲ, ಮೇಲಿನ ‘ಅಂತರ’ವೂ ಅಲ್ಲ, ಎರಡರ ನಡುವೆ ಎಲ್ಲೋ ತೂಗಾಡುತ್ತದೆ. ಗಿಟಾರ್ ಅಲ್ಲಿಗೆ ತಲುಪುತ್ತದೆ. ಪಿಯಾನೋಗೆ ಆ ಜಾಗವೇ ಇಲ್ಲ. ಅದಕ್ಕೆ ಬ್ಲೂಸ್ ಪಿಯಾನೋದವರು ಎರಡನ್ನೂ ಮುಟ್ಟಿ ನಡುವಿನದರ ಭ್ರಮೆ ಹುಟ್ಟಿಸುತ್ತಾರೆ.

ನಿಮ್ಮ ಹಾರ್ಮೋನಿಯಂನಲ್ಲೇ ನೋಡಿ. ಬಿಳಿ ಒಂದನ್ನು ಷಡ್ಜ ಮಾಡಿಕೊಳ್ಳಿ. ಕಪ್ಪು ಎರಡರ ಮೇಲೆ ಬೆರಳಿಟ್ಟು, ಎತ್ತದೆ, ಪಕ್ಕದ ಬಿಳಿ ಮೂರಕ್ಕೆ ಜಾರಿಸಿ. ಕಪ್ಪಿನ ಮೇಲೆ ಕಣ್ಣು ಮಿಟುಕಿಸುವಷ್ಟು ಹೊತ್ತೂ ನಿಲ್ಲಬಾರದು. ಜೊತೆಗೆ ಕಿರುಬೆರಳಲ್ಲಿ ಪಂಚಮ ಹಿಡಿಯಿರಿ. ಆ ಜಾರುಗುಪ್ಪೆಯಂಥ ಸದ್ದು ಬಂತಲ್ಲ, ಅದೇ. ಇನ್ನು ಬ್ಲೂಸ್ ಹಾಡು ತಿರುಗುವ ಸುತ್ತು: ನಾಲ್ಕು ನಾಲ್ಕು ಎಣಿಕೆಯ ಹನ್ನೆರಡು ಭಾಗ, ಒಟ್ಟು 48 ಎಣಿಕೆ. ನಾಲ್ಕು ಭಾಗ ಷಡ್ಜದ ಮೇಲೆ, ಎರಡು ಮಧ್ಯಮ, ಎರಡು ಷಡ್ಜ, ಒಂದು ಪಂಚಮ, ಒಂದು ಮಧ್ಯಮ, ಕೊನೆಯ ಎರಡು ಮತ್ತೆ ಷಡ್ಜ. ತಾಳದ ಆವರ್ತದಂತೆ ಇದು ತಿರುಗುತ್ತಲೇ ಇರುತ್ತದೆ.

ಕ್ರಿಸ್ಟೀನ್ ಇದನ್ನು ಕಲಿತದ್ದು ಯಾವ ಗುರುವಿನಿಂದಲೂ ಅಲ್ಲ. ಆಂಡಿ ಸಿಲ್ವೆಸ್ಟರ್ ಕೊಟ್ಟ, ಅಮೆರಿಕದ ಬ್ಲೂಸ್ ಗಿಟಾರ್‌ನ ಫ್ರೆಡ್ಡಿ ಕಿಂಗ್ ರೆಕಾರ್ಡ್‌ಗಳನ್ನು ಮತ್ತೆ ಮತ್ತೆ ಹಾಕಿ, ಗಿಟಾರ್ ಬಿಟ್ಟು, ಹಿಂದೆ ನುಡಿಸುತ್ತಿದ್ದ ಸನ್ನಿ ಥಾಂಪ್ಸನ್ ಅವರ ಪಿಯಾನೋವನ್ನೇ ಕೇಳಿ ಕೇಳಿ ಬೆರಳಿಗೆ ತಂದುಕೊಂಡರು. ಕಿಂಗ್ ಅವರ 1961ರ ‘ಹೈಡ್ ಅವೇ’ ಕೇಳಿದ ಮೇಲೆ ಚಿಕನ್ ಶ್ಯಾಕ್ ಕೇಳಿ, ವೆಬ್ ಯಾರನ್ನು ಹಿಂಬಾಲಿಸಿದರು, ಕ್ರಿಸ್ಟೀನ್ ಯಾರನ್ನು ಎಂಬುದು ಗೊತ್ತಾಗುತ್ತದೆ.

ನನಗೆ ಎಲ್ಲಕ್ಕಿಂತ ಹಿಡಿಸುವುದು ಆಕೆ ನುಡಿಸದೆ ಬಿಟ್ಟ ಜಾಗಗಳು. ಗಿಟಾರ್ ಅಬ್ಬರಿಸುವಾಗ ಎಡಗೈ ಲಯವನ್ನಷ್ಟೇ ಹಿಡಿದಿರುತ್ತದೆ. ಗಿಟಾರ್ ಉಸಿರು ತೆಗೆದುಕೊಂಡ ಕ್ಷಣಕ್ಕೆ ಬಲಗೈ ಮೇಲಿನ ಸ್ಥಾಯಿಯಲ್ಲಿ ನಾಲ್ಕೈದು ಸ್ವರ ಚೆಲ್ಲಿ ಸುಮ್ಮನಾಗುತ್ತದೆ. ಒಳ್ಳೆಯ ಪಕ್ಕವಾದ್ಯದವರ ಗುಣ ಇದು. ಆಗ ಅವರಿಗೆ ಬರೀ ಇಪ್ಪತ್ತನಾಲ್ಕು ವರ್ಷ. ಮುಂದೆ ಕೋಟಿಗಟ್ಟಲೆ ಜನ ಕೇಳಿದ ಹಾಡುಗಳ ಮಿತವಾದ ಮಾತು ಇಲ್ಲೇ ಇದೆ ಎಂದು ನಾನು ಖಂಡಿತವಾಗಿ ಹೇಳುತ್ತೇನೆ. ಆಕೆಯನ್ನು ಬರೀ ಗಾಯಕಿ ಎಂದು ಕರೆಯುವವರು ಈ ರೆಕಾರ್ಡ್‌ಗಳನ್ನು ಕೇಳಬೇಕು.

ಪ್ರಶ್ನೆ: ಇಷ್ಟು ಹೆಸರಾದವರ ಮೊದಲ ಧ್ವನಿಮುದ್ರಣಗಳು ಅಪರೂಪವಾದದ್ದು ಹೇಗೆ?
– ಓದುಗರು, ಹುಬ್ಬಳ್ಳಿ

ಉತ್ತರ: ಹೆಸರು ಬದಲಾದದ್ದು ಒಂದು ಕಾರಣ. ಮೆಕ್‌ವೀ ಎಂದು ಹುಡುಕುವವರಿಗೆ ಪರ್ಫೆಕ್ಟ್ ಕಣ್ಣಿಗೆ ಬೀಳುವುದಿಲ್ಲ. ಬೇರೆ ತಂಡದ ತಟ್ಟೆಯಲ್ಲೂ ಉಂಟು: ಫ್ಲೀಟ್‌ವುಡ್ ಮ್ಯಾಕ್‌ನ 1968ರ ‘ಮಿಸ್ಟರ್ ವಂಡರ್‌ಫುಲ್’ನಲ್ಲಿ ಪಿಯಾನೋ ಇವರದೇ, ಆಗಿನ್ನೂ ಆ ತಂಡಕ್ಕೆ ಸೇರಿರಲಿಲ್ಲ.

ಎರಡನೆಯದು ಚಿಕನ್ ಶ್ಯಾಕ್ ತಟ್ಟೆಗಳನ್ನು ತಂದ ರೆಕಾರ್ಡ್ ಕಂಪನಿ. ಮೈಕ್ ವೆರ್ನನ್ ಅವರ ಬ್ಲೂ ಹೊರೈಜನ್ ಬ್ಲೂಸ್ ಹುಚ್ಚಿನಿಂದ ಹುಟ್ಟಿದ್ದು. ಶುರುವಿನ ತಟ್ಟೆಗಳನ್ನು 99 ಪ್ರತಿ ಮಾತ್ರ ಒತ್ತಿಸುತ್ತಿದ್ದರು, ನೂರು ದಾಟಿದರೆ ಖರೀದಿ ತೆರಿಗೆ ಬೀಳುತ್ತಿತ್ತು. ಚಿಕನ್ ಶ್ಯಾಕ್ ಬರುವ ಹೊತ್ತಿಗೆ ದೊಡ್ಡ ಕಂಪನಿ ಸಿಬಿಎಸ್ ಮೂಲಕ ಹಂಚಿಕೆ ಆಗುತ್ತಿತ್ತು, ಆದರೂ ಎಲ್ಲ ತಟ್ಟೆಗೂ ಗಿರಾಕಿ ಇರಲಿಲ್ಲ. ತಂಡದ ಮೊದಲ ಸಿಂಗಲ್ (ಬದಿಗೊಂದೇ ಹಾಡಿನ ಚಿಕ್ಕ ತಟ್ಟೆ) ‘ಇಟ್ಸ್ ಓಕೆ ವಿತ್ ಮಿ ಬೇಬಿ’ ಕ್ರಿಸ್ಟೀನ್ ಬರೆದು ಹಾಡಿದ್ದೇ, ಓಡಲಿಲ್ಲ. ಬೇರ್‌ವುಡ್ ರಸ್ತೆಯ ಧರ್ಮಾರ್ಥ ಅಂಗಡಿಯಲ್ಲಿ, ಕ್ರಿಸ್‌ಮಸ್ ಹಾಡುಗಳ ರಾಶಿಯ ಅಡಿಯಲ್ಲಿ, ಕವರಿಲ್ಲದೆ ಬಿದ್ದಿದ್ದ ಅದರ ಒಂದು ಪ್ರತಿ ನನಗೆ ಎರಡು ಪೌಂಡಿಗೆ ಸಿಕ್ಕಿತು. ಲೇಬಲ್ ಮೇಲೆ ಯಾರೋ ಬಾಲ್‌ಪೆನ್ನಿನಲ್ಲಿ ‘ಅಡುಗೆಮನೆ’ ಎಂದು ಇಂಗ್ಲಿಷಿನಲ್ಲಿ ಬರೆದಿದ್ದಾರೆ. ಯಾವ ಮನೆಯಲ್ಲೋ ಪಾತ್ರೆ ತೊಳೆಯುತ್ತಾ ಇದನ್ನು ಕೇಳುತ್ತಿದ್ದರೇನೋ.

ಹೆಸರು ತಂದದ್ದು 1969ರ ‘ಐಡ್ ರಾದರ್ ಗೋ ಬ್ಲೈಂಡ್’, ಅಮೆರಿಕದ ಗಾಯಕಿ ಎಟಾ ಜೇಮ್ಸ್ ಮೊದಲು ಹಾಡಿದ್ದ ಹಾಡು. ಅದು 14ನೇ ಸ್ಥಾನಕ್ಕೆ ಏರುವ ಹೊತ್ತಿಗೆ ಗಂಡನ ಜೊತೆ ನಾಲ್ಕು ದಿನ ಮನೆಯಲ್ಲಿರಬೇಕೆಂದು ಕ್ರಿಸ್ಟೀನ್ ತಂಡ ಬಿಟ್ಟಾಗಿತ್ತು. ಆ ವರ್ಷ ‘ಮೆಲಡಿ ಮೇಕರ್’ ಪತ್ರಿಕೆಯ ಓದುಗರು ಅವರನ್ನೇ ಅತ್ಯುತ್ತಮ ಗಾಯಕಿ ಎಂದು ಆರಿಸಿದರು. ಅದರ ಬೆನ್ನಿಗೆ ಬಂದದ್ದು ‘ಕ್ರಿಸ್ಟೀನ್ ಪರ್ಫೆಕ್ಟ್’ ಎಂಬ ಎಲ್‌ಪಿ. 1970ರಲ್ಲಿ ಫ್ಲೀಟ್‌ವುಡ್ ಮ್ಯಾಕ್ ಸೇರಿದರು, ಹಳೆಯದು ಮರೆಗೆ ಸರಿಯಿತು.

ರೇಡಿಯೋದ ಕಥೆ ಹೊಟ್ಟೆ ಉರಿಸುವಂಥದ್ದು. ರೆಕಾರ್ಡ್ ಹಾಕುವ ಹೊತ್ತಿಗೆ ಮಿತಿ ಇದ್ದದ್ದರಿಂದ ಬಿಬಿಸಿ ತಂಡಗಳನ್ನೇ ಸ್ಟುಡಿಯೋಗೆ ಕರೆಸಿ ನುಡಿಸುತ್ತಿತ್ತು. ಆಮೇಲೆ ಅದೇ ಟೇಪ್ ಅಳಿಸಿ ಮರುಬಳಕೆ. ಆ ಕಾಲದ ಎಷ್ಟೋ ಕಛೇರಿಗಳು ಉಳಿದಿದ್ದರೆ ಅದು ಮನೆಯಲ್ಲಿ ಕೂತು ರೇಡಿಯೋ ಮುಂದೆ ಮೈಕ್ ಹಿಡಿದ ಕೇಳುಗರ ಪುಣ್ಯ. ನಿಮ್ಮ ಮನೆಯ ಅಟ್ಟದಲ್ಲಿ ಹೆಸರಿಲ್ಲದ ಸ್ಪೂಲ್ ಟೇಪ್ ಇದ್ದರೆ ದಯವಿಟ್ಟು ಎಸೆಯಬೇಡಿ.

ಪ್ರಶ್ನೆ: ಟ್ರಂಕಿನಲ್ಲಿದ್ದ ಎಲ್‌ಪಿಗೆ ಬೂಷ್ಟು ಹಿಡಿದಿದೆ. ತೊಳೆಯಬಹುದೇ?
– ಓದುಗರು, ತುಮಕೂರು

ಉತ್ತರ: ತೊಳೆಯಬಹುದು. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್‌ಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೇ ಹನಿ. ಹಳೆಯ ಮೆತ್ತನೆಯ ಹತ್ತಿಬಟ್ಟೆ ಅದ್ದಿ ಗೆರೆಗಳ ಜಾಡಿನಲ್ಲೇ ಸುತ್ತ ಒರೆಸಿ, ಅಡ್ಡ ಉಜ್ಜಬೇಡಿ. ಲೇಬಲ್ ನೆನೆಯಬಾರದು. ಬರೀ ಡಿಸ್ಟಿಲ್ಡ್ ವಾಟರ್‌ನಲ್ಲಿ ಇನ್ನೊಮ್ಮೆ ಒರೆಸಿ, ನೆರಳಲ್ಲಿ ನಿಲ್ಲಿಸಿ ಆರಿಸಿ. ಬಿಸಿಲಿಗಿಟ್ಟರೆ ಹಪ್ಪಳದಂತೆ ಸೊಟ್ಟಗಾಗುತ್ತದೆ. ಉಕ್ಕಿನ ಮುಳ್ಳಿನ ಹಳೆಯ ಗ್ರಾಮಫೋನಿಗೆ ಎಲ್‌ಪಿ ಹಾಕಲೇಬೇಡಿ, ಒಂದೇ ಸಲಕ್ಕೆ ಗೆರೆಗಳು ಕಿತ್ತುಹೋಗುತ್ತವೆ.