ದಸರಾ ರಜೆಯಲ್ಲಿ ಮಕ್ಕಳು, ಅತ್ತೆ-ಮಾವನ ಜತೆ ಉಡುಪಿಯಿಂದ ವಂಡರ್‌ಲಾಕ್ಕೆ: ತಲೆಬಿಸಿ ಇಲ್ಲದೆ ಹೋಗಿ ಬರುವುದು ಹೇಗೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ದಸರಾ ರಜೆಯಲ್ಲಿ ಉಡುಪಿಯಿಂದ ಬೆಂಗಳೂರಿನ ಹತ್ತಿರ ಬಿಡದಿಯಲ್ಲಿರುವ ವಂಡರ್‌ಲಾ ಅಮ್ಯೂಸ್‌ಮೆಂಟ್ ಪಾರ್ಕಿಗೆ ಹೋಗಬೇಕು. ಕೈಯಲ್ಲಿ ನಾಲ್ಕು ದಿನ ಉಂಟು. ಜತೆಗೆ 12 ವರ್ಷದ ಮಗಳು, 6 ವರ್ಷದ ಮಗ, ಅತ್ತೆ-ಮಾವ. ಹೋದ ಪ್ರವಾಸದಲ್ಲಿ ಎಲ್ಲರೂ ಸುಸ್ತಾಗಿ, ಒಬ್ಬರ ಮೇಲೊಬ್ಬರು ಸಿಡುಕಿ, ಮನೆ ಸೇರಿದರೆ ಸಾಕಪ್ಪಾ ಅಂತ ಆಗಿತ್ತು. ಈ ಸಲ ಹಾಗಾಗಬಾರದು.

ನಾನು ಸುರತ್ಕಲ್‌ನವಳು. ನಮ್ಮದು ದೊಡ್ಡ ಬಳಗ. ಮಕ್ಕಳಿಗೆ ರಜೆ ಸಿಕ್ಕಿದರೆ ಟೆಂಪೋ ಟ್ರಾವೆಲರ್ ಹೇಳುವುದರಿಂದ ಹಿಡಿದು ರೂಮ್ ಹುಡುಕುವವರೆಗೆ ಎಲ್ಲ ನನ್ನ ತಲೆಗೇ ಬರುತ್ತದೆ. ನನಗೆ ಕಂಡ ಹಾಗೆ ಈ ಜಗಳ, ಸಿಡುಕು ಹೆಚ್ಚಾಗಿ ಹುಟ್ಟುವುದು ಒಂದೇ ಮಾತಿನಿಂದ. ‘ಅಷ್ಟು ದುಡ್ಡು ಕೊಟ್ಟಿದ್ದೇವೆ, ವಸೂಲಿ ಆಗಬೇಕಲ್ವಾ?’

ಆ ಲೆಕ್ಕವನ್ನೇ ಸ್ವಲ್ಪ ನೋಡಿ. ಅಲ್ಲಿ 60ಕ್ಕೂ ಹೆಚ್ಚು ರೈಡ್ ಇವೆ. ಪಾರ್ಕ್ ಸಾಮಾನ್ಯವಾಗಿ ಬೆಳಿಗ್ಗೆ 11ಕ್ಕೆ ತೆರೆದು ಸಂಜೆ 6-7ಕ್ಕೆ ಮುಚ್ಚುತ್ತದೆ. ಊಟ, ಬಟ್ಟೆ ಬದಲಾಯಿಸುವುದು, ಟಾಯ್ಲೆಟ್, ‘ಅಪ್ಪ ಎಲ್ಲಿ ಹೋದ್ರು’ ಅಂತ ಹುಡುಕುವುದು, ಇಷ್ಟನ್ನು ಕಳೆದರೆ ಐದು ಗಂಟೆ ಉಳಿದರೆ ಪುಣ್ಯ. ಎಲ್ಲ ರೈಡ್ ಮುಗಿಸುವುದು ಯಾರಿಂದಲೂ ಆಗದು. ಆದರೂ ಮ್ಯಾಪ್ ಹಿಡಿದು ಮಕ್ಕಳನ್ನು ಎಳೆದುಕೊಂಡು ಓಡುವವರನ್ನು ಅಲ್ಲಿ ಎಷ್ಟು ಬೇಕಾದರೂ ನೋಡಬಹುದು. ನಮ್ಮ ಮನೆಯ ಕ್ರಮ ಬೇರೆ. ಹೊರಡುವ ಮೊದಲೇ ಪ್ರತಿಯೊಬ್ಬರೂ ತಮಗೆ ಬೇಕೇ ಬೇಕಾದ ಎರಡು ರೈಡ್ ಹೇಳಬೇಕು. ಅಷ್ಟು ಆದರೆ ಆ ದಿನದ ಲೆಕ್ಕ ಚುಕ್ತಾ. ಉಳಿದದ್ದು ಸಿಕ್ಕಿದರೆ ಸಿಕ್ಕಿತು.

ಈಗ ದಾರಿಯ ವಿಷಯ. ನಮ್ಮ ಕಡೆಯವರಿಗೆ ಅರ್ಧ ಸುಸ್ತು ಪಾರ್ಕ್‌ನ ಗೇಟಿಗೆ ಮುಟ್ಟುವ ಮೊದಲೇ ಆಗಿರುತ್ತದೆ. ರಾತ್ರಿ ಸ್ಲೀಪರ್ ಬಸ್ ಹತ್ತಿ, ಬೆಳಿಗ್ಗೆ ಬೆಂಗಳೂರಿನಲ್ಲಿ ಇಳಿದು, ಅಲ್ಲೇ ಎಲ್ಲೋ ಮುಖ ತೊಳೆದು ಸೀದಾ ಪಾರ್ಕಿಗೆ. ಕಾಗದದ ಮೇಲೆ ಒಂದು ರೂಮಿನ ಬಾಡಿಗೆ ಉಳಿಯುತ್ತದೆ. ಆದರೆ ಶಿರಾಡಿ ಘಾಟಿಯ ತಿರುವುಗಳಲ್ಲಿ 6 ವರ್ಷದ ಮಗು ಎಷ್ಟು ನಿದ್ದೆ ಮಾಡೀತು? ಇನ್ನೊಂದು ಸಂಗತಿ ಹಲವರ ಗಮನಕ್ಕೆ ಬರುವುದಿಲ್ಲ. ಹಾಸನದ ಮೇಲೆ ಹೋಗುವ ಬಸ್ಸುಗಳು ನೆಲಮಂಗಲದ ಕಡೆಯಿಂದ ಬೆಂಗಳೂರಿಗೆ ಬರುತ್ತವೆ. ಬಿಡದಿ ಇರುವುದು ಮೈಸೂರು ರಸ್ತೆಯಲ್ಲಿ. ಅಂದರೆ ನಿದ್ದೆಗಣ್ಣಿನಲ್ಲಿ ಇಳಿದು, ಬೆಳಗಿನ ಟ್ರಾಫಿಕ್‌ನಲ್ಲಿ ಊರಿನ ಇನ್ನೊಂದು ಬದಿಗೆ ಹೋಗಬೇಕು.

ಅದಕ್ಕೇ ನಾನು ಮೈಸೂರಿನ ದಾರಿ ಹಿಡಿಯುತ್ತೇನೆ. ಬಂಟ್ವಾಳದಿಂದ ಹೊರಡುವ ರಾಷ್ಟ್ರೀಯ ಹೆದ್ದಾರಿ 275 ಪುತ್ತೂರು, ಸುಳ್ಯ, ಮಡಿಕೇರಿ, ಮೈಸೂರು ದಾಟಿ ಬಿಡದಿಯ ಮೇಲೆಯೇ ಬೆಂಗಳೂರಿಗೆ ಹೋಗುತ್ತದೆ. ಉಡುಪಿಯಿಂದ ಒಟ್ಟು ಸುಮಾರು 400 ಕಿ.ಮೀ. ಮೊದಲ ದಿನ ಆರಾಮವಾಗಿ ಮೈಸೂರು ಮುಟ್ಟಿ ಉಳಿಯಿರಿ. ಮರುದಿನ ಬೆಳಿಗ್ಗೆ ಹೊರಟರೆ ಪಾರ್ಕ್ ತೆರೆಯುವ ಹೊತ್ತಿಗೆ ಅಲ್ಲಿರಬಹುದು. ಬೇಗ ಮುಟ್ಟಿದರೆ ಬಿಡದಿಯ ತಟ್ಟೆ ಇಡ್ಲಿ ಹೇಗೂ ಉಂಟು. ಕಾರು ಬೇಡ ಅಂದರೆ ಮುರುಡೇಶ್ವರ–ಬೆಂಗಳೂರು ರೈಲು ಉಡುಪಿ, ಮಂಗಳೂರಿನ ಮೂಲಕ ಬಂದು ಮೈಸೂರಿನ ಮೇಲೆಯೇ ಹೋಗುತ್ತದೆ. ಅತ್ತೆ-ಮಾವನಿಗೆ ಕೆಳಗಿನ ಬರ್ತ್ ಸಿಕ್ಕಿದರೆ ಕಾರಿಗಿಂತ ರೈಲೇ ಸುಖ.

ಆದರೆ ದಸರಾ ಅಂದಿರಲ್ಲ, ಅಲ್ಲೇ ಒಂದು ತೊಡಕು. ನವರಾತ್ರಿಯ ದಿನಗಳಲ್ಲಿ ಮೈಸೂರಿನಲ್ಲಿ ರೂಮ್ ಸಿಗುವುದು ಕಷ್ಟ. ಸಿಕ್ಕಿದರೂ ಬಾಡಿಗೆ ಕೇಳಿ ತಲೆ ತಿರುಗುತ್ತದೆ. ವಿಜಯದಶಮಿಯ ಮರುದಿನದಿಂದ ಜನ ಕರಗಲು ಶುರು. ನಮ್ಮ ಕಡೆಯ ಶಾಲೆಗಳಿಗೆ ಆಮೇಲೂ ರಜೆ ಉಳಿದಿದ್ದರೆ ಆ ವಾರದ ಮಧ್ಯದಲ್ಲಿ, ಬುಧವಾರವೋ ಗುರುವಾರವೋ ಹೋಗಿ. ಬುಕ್ ಮಾಡುವ ಮೊದಲು ಮಕ್ಕಳ ಶಾಲೆಯ ಕ್ಯಾಲೆಂಡರ್ ನೋಡಿಕೊಳ್ಳಿ. ನವೆಂಬರ್-ಡಿಸೆಂಬರಿಗೆ ಮುಂದೂಡುವ ಯೋಚನೆ ಇದ್ದರೆ ಅದು ಶಾಲಾ ಪ್ರವಾಸದ ಕಾಲ. ಯೂನಿಫಾರ್ಮ್ ಹಾಕಿದ ಮಕ್ಕಳ ಸಾಲು ಬಸ್ಸಿನಿಂದ ಇಳಿದು ಮುಗಿಯುವುದೇ ಇಲ್ಲ. ಜೂನ್-ಜುಲೈನಲ್ಲಿ ಪಾರ್ಕ್ ಖಾಲಿ ಇರಬಹುದು, ಆದರೆ ಘಾಟಿಯನ್ನು ನಂಬುವ ಹಾಗಿಲ್ಲ. 2024ರ ಜುಲೈಯಲ್ಲಿ ಸಕಲೇಶಪುರ–ಸುಬ್ರಹ್ಮಣ್ಯ ನಡುವಿನ ಎಡಕುಮೇರಿ ಹತ್ತಿರ ಹಳಿಯ ಬದಿ ಮಣ್ಣು ಜರಿದು ಆ ಮಾರ್ಗದ ರೈಲುಗಳು ದಿನಗಟ್ಟಲೆ ನಿಂತಿದ್ದವು.

ಇನ್ನು ಮಗಳ ವಿಷಯಕ್ಕೆ ಬರುತ್ತೇನೆ. ಇವತ್ತೇ ಅವಳನ್ನು ಗೋಡೆಗೆ ನಿಲ್ಲಿಸಿ ಎತ್ತರ ಅಳೆಯಿರಿ. ಚಪ್ಪಲಿ ಇಲ್ಲದೆ. ಅಲ್ಲಿ ಮಕ್ಕಳ ಟಿಕೆಟ್ ನಿರ್ಧಾರವಾಗುವುದು ವಯಸ್ಸಿನಿಂದ ಅಲ್ಲ, ಎತ್ತರದಿಂದ. 140 ಸೆಂ.ಮೀ. ದಾಟಿದರೆ ದೊಡ್ಡವರ ಟಿಕೆಟ್. ಬಹಳಷ್ಟು ಜೋರು ರೈಡ್‌ಗಳಿಗೆ ಬಿಡುವುದೂ ಅದೇ ಗೆರೆ ದಾಟಿದವರನ್ನು. 12 ವರ್ಷದ ಮಕ್ಕಳು ಸರಿಯಾಗಿ ಈ ಗೆರೆಯ ಆಚೆ-ಈಚೆ ಇರುತ್ತಾರೆ. ಮನೆಯಲ್ಲಿ 138 ಅಂತ ಗೊತ್ತಾದರೆ ಬೇಜಾರು ಅಲ್ಲೇ ಮುಗಿಯುತ್ತದೆ. ಮುಕ್ಕಾಲು ಗಂಟೆ ಕ್ಯೂ ನಿಂತು, ಕೊನೆಯಲ್ಲಿ ಕೋಲಿನ ಪಕ್ಕ ನಿಲ್ಲಿಸಿ ‘ಆಗಲ್ಲ ಮ್ಯಾಡಂ’ ಅಂದರೆ ಆ ದಿನವೇ ಹಾಳು. ಅಲ್ಲಿನ ಹುಡುಗರ ಹತ್ತಿರ ವಾದ ಮಾಡಬೇಡಿ. ಸೀಟಿನ ಹಿಡಿಕೆ ದೇಹಕ್ಕೆ ಸರಿಯಾಗಿ ಕೂರಬೇಕು ಅನ್ನುವುದಕ್ಕೇ ಆ ಅಳತೆ.

ಅವಳಿಗೆ ಮೊದಲ ರೋಲರ್ ಕೋಸ್ಟರ್ ಆದರೆ ನಡುವಿನ ಸೀಟು ಹಿಡಿಯಿರಿ. ಮುಂದೆ ಕೂತರೆ ಎದುರಿನ ಆಳ ಪೂರ್ತಿ ಕಾಣುತ್ತದೆ. ಕೊನೆಯ ಸಾಲಿನಲ್ಲಿ ಇನ್ನೊಂದು ರಗಳೆ. ಮುಂದಿನ ಡಬ್ಬಿಗಳು ಆಗಲೇ ಇಳಿಯುತ್ತಾ ಹಿಂದಿನದನ್ನು ಎಳೆಯುತ್ತವೆ. ಹಾಗಾಗಿ ತುದಿ ದಾಟುವಾಗ ಹೊಟ್ಟೆ ಬಾಯಿಗೆ ಬಂದಂತಾಗುವುದು ಹಿಂದೆ ಕೂತವರಿಗೇ ಜಾಸ್ತಿ. ಮಗಳು ಅದೇ ಬೇಕು ಅಂದರೆ, ಸರಿ, ನನ್ನ ನಾದಿನಿಯ ಮಗಳ ಹಾಗೆ ಹೆದರಿಕೆಯೇ ಇಲ್ಲದವಳು ಅವಳೂ.

ಕ್ಯೂ ನೋಡಿದ ಕೂಡಲೇ ಗಾಬರಿ ಬೇಡ, ಸುಮ್ನೆ ಒಂದು ಲೆಕ್ಕ ಹಾಕಿ. ಒಂದು ಸಲಕ್ಕೆ ಎಷ್ಟು ಜನ ಕೂರುತ್ತಾರೆ, ಎಷ್ಟು ನಿಮಿಷಕ್ಕೊಮ್ಮೆ ಬಿಡುತ್ತಾರೆ ಅಂತ ನೋಡಿ. 4 ನಿಮಿಷಕ್ಕೆ 24 ಜನ ಹೋಗುತ್ತಿದ್ದರೆ ಗಂಟೆಗೆ 360 ಜನ. ಮುಂದೆ 180 ಜನ ಇದ್ದರೆ ಅರ್ಧ ಗಂಟೆ. ಉದ್ದ ಕಂಡರೂ ಬೇಗ ಸಾಗುವ ಕ್ಯೂ ಉಂಟು. ಗಿಡ್ಡ ಕಂಡರೂ ಸಲಕ್ಕೆ ನಾಲ್ಕೇ ಜನ ಹೋಗುವ ರೈಡ್ ಇದ್ದರೆ ಮೊಣಕಾಲು ಹೋಯಿತು. ‘ಇನ್ನು ಅರ್ಧ ಗಂಟೆ’ ಅಂತ ಗೊತ್ತಿದ್ದರೆ ಮಕ್ಕಳೂ ಕಿರಿಕಿರಿ ಕಡಿಮೆ ಮಾಡುತ್ತಾರೆ. ಮತ್ತೆ, ಒಳಗೆ ಹೋದ ಕೂಡಲೇ ಎಲ್ಲರೂ ಗೇಟಿನ ಹತ್ತಿರದ ರೈಡಿಗೆ ಮುತ್ತುತ್ತಾರೆ. ನೀವು ಸೀದಾ ಒಳಗೆ ನಡೆದು, ಎಲ್ಲರಿಗೂ ಬೇಕಾದ ದೊಡ್ಡ ರೈಡನ್ನು ಮೊದಲು ಮುಗಿಸಿ. ಜಾಸ್ತಿ ದುಡ್ಡು ಕೊಟ್ಟು ಉದ್ದ ಕ್ಯೂ ತಪ್ಪಿಸುವ ಫಾಸ್ಟ್‌ಟ್ರ್ಯಾಕ್ ಟಿಕೆಟ್ ಬಗ್ಗೆ ಹೇಳುವುದಾದರೆ ಭಾನುವಾರ, ಹಬ್ಬದ ದಿನ ಅದಕ್ಕೆ ಬೆಲೆ ಉಂಟು. ವಾರದ ನಡುವೆ ದಂಡ.

ಈಗ ನಾನು ಜಾಸ್ತಿ ಹೇಳಬೇಕಾದ ವಿಷಯ. ಬ್ಯಾಗ್ ಕಾಯುವವರು ಯಾರು?

ಪ್ರತಿ ಕುಟುಂಬದಲ್ಲೂ ಒಬ್ಬರು ಇರುತ್ತಾರೆ. ಆರು ಜನರ ಚಪ್ಪಲಿ, ಟವಲ್, ಮೊಬೈಲ್, ಕನ್ನಡಕ ಎಲ್ಲ ಮಡಿಲಲ್ಲಿಟ್ಟುಕೊಂಡು ಬೆಂಚಿನ ಮೇಲೆ ಕೂತಿರುತ್ತಾರೆ. ಹೆಚ್ಚಾಗಿ ಅಮ್ಮ, ಇಲ್ಲದಿದ್ದರೆ ಅಜ್ಜಿ. ‘ನನಗೆ ಇದೆಲ್ಲ ಬೇಡ, ನೀವು ಹೋಗಿ’ ಅನ್ನುತ್ತಾರೆ. ಎಲ್ಲರೂ ಅದನ್ನು ಸಂತೋಷದಿಂದ ನಂಬುತ್ತಾರೆ! ಸಂಜೆ ನಾಲ್ಕಕ್ಕೆ ಅದೇ ಅಮ್ಮ ಒಂದು ಐಸ್‌ಕ್ರೀಮ್ ವಿಷಯಕ್ಕೆ ಸಿಡಿದರೆ ಎಲ್ಲರಿಗೂ ಆಶ್ಚರ್ಯ. ಲಾಕರ್ ತೆಗೆದುಕೊಳ್ಳಿ ಮಾರಾಯ್ರೆ. ಎರಡು ಬೇಕಾದರೆ ಎರಡು. ದಿನದ ಒಟ್ಟು ಖರ್ಚಿನಲ್ಲಿ ಅದೊಂದು ಲೆಕ್ಕವೇ ಅಲ್ಲ. ಅದಕ್ಕೂ ಮೀರಿ ಕೈಯಲ್ಲಿ ಉಳಿಯುವ ಸಾಮಾನಿಗೆ ಪಾಳಿ ಹಾಕಿ, ಗಂಡಸರನ್ನೂ ಸೇರಿಸಿ. ನೀವು ಪ್ರಶ್ನೆಯಲ್ಲಿ ಮಕ್ಕಳಿಗೆ ಏನು ಇಷ್ಟ, ಅತ್ತೆ-ಮಾವನಿಗೆ ಏನು ಕಷ್ಟ ಅಂತ ಬರೆದಿದ್ದೀರಿ. ನಿಮಗೆ ಯಾವ ರೈಡ್ ಬೇಕು ಅಂತ ಬರೆದಿಲ್ಲ. ಎರಡು ಹೆಸರು ನೀವೂ ಬರೆಯಿರಿ.

ಗಂಡ-ಹೆಂಡತಿ ಇಬ್ಬರೂ ಇಡೀ ದಿನ ಒಟ್ಟಿಗೇ ಇರಬೇಕು ಅಂತಲೂ ಇಲ್ಲ. ಒಬ್ಬರು ಮಗಳ ಜತೆ ಜೋರು ರೈಡಿಗೆ, ಇನ್ನೊಬ್ಬರು ಮಗನ ಜತೆ ಚಿಕ್ಕ ಮಕ್ಕಳ ವಿಭಾಗಕ್ಕೆ. ಎರಡು ಗಂಟೆಗೊಮ್ಮೆ ಅದಲು ಬದಲು. ಊಟಕ್ಕೆ ಮಾತ್ರ ಒಂದು ಜಾಗ, ಒಂದು ಸಮಯ ಗೊತ್ತು ಮಾಡಿ. ನೀರಿಗೆ ಇಳಿದಾಗ ಮೊಬೈಲ್ ಲಾಕರ್‌ನಲ್ಲಿ ಇರುತ್ತದೆ, ಹಾಗಾಗಿ ‘ಫೋನ್ ಮಾಡು’ ಅನ್ನುವ ಪ್ಲಾನ್ ನಡೆಯುವುದಿಲ್ಲ. ಮಗನ ಕೈಗೆ ನಿಮ್ಮ ನಂಬರ್ ಪೆನ್ನಿನಲ್ಲಿ ಬರೆಯಿರಿ. ನೀರಿಗೆ ಹೋಗದ ಹಾಗೆ ಬೇಕಿದ್ದರೆ ಮಾರ್ಕರ್ ಪೆನ್.

ಬಟ್ಟೆ ನೈಲಾನ್ ಅಥವಾ ಪಾಲಿಯೆಸ್ಟರ್‌ದ್ದು ಮನೆಯಿಂದಲೇ ಒಯ್ಯಿರಿ. ಹತ್ತಿ ಬಟ್ಟೆ ನೀರು ಕುಡಿದು ಭಾರವಾಗುತ್ತದೆ, ಜಾರುಬಂಡೆಯಲ್ಲಿ ಹಿಡಿಯುತ್ತದೆ, ಅದರ ನೂಲು ಫಿಲ್ಟರಿಗೆ ಸೇರುತ್ತದೆ. ಅದಕ್ಕೇ ಬಿಡುವುದಿಲ್ಲ. ಹೊರಗಿನ ತಿಂಡಿಯನ್ನೂ ಒಳಗೆ ಬಿಡುವುದಿಲ್ಲ. ಹಾಗಾಗಿ ಕೋಡುಬಳೆ ಡಬ್ಬಿ ಕಾರಿನಲ್ಲೇ ಇರಲಿ.

ವಾಂತಿಯ ವಿಷಯ ಚಿಕ್ಕದಲ್ಲ. ಕಿವಿಯ ಒಳಭಾಗ ‘ತಿರುಗುತ್ತಿದ್ದೇವೆ’ ಅನ್ನುತ್ತದೆ, ಕಣ್ಣು ಎದುರಿನ ಸೀಟು ನೋಡಿ ‘ಇಲ್ಲವಲ್ಲ’ ಅನ್ನುತ್ತದೆ. ಈ ಎರಡರ ಜಗಳದಿಂದ ಹೊಟ್ಟೆ ತೊಳೆಸುತ್ತದೆ. ಸುಳ್ಯ–ಮಡಿಕೇರಿ ನಡುವಿನ ಸಂಪಾಜೆ ಘಾಟಿಯಲ್ಲಿ ಮೊಬೈಲ್ ನೋಡುವ ಮಗು ವಾಂತಿ ಮಾಡುವುದಕ್ಕೂ, ಗಿರಗಿರ ತಿರುಗುವ ರೈಡಿನಲ್ಲಿ ಕೂತವರಿಗೆ ಹೊಟ್ಟೆ ತೊಳೆಸುವುದಕ್ಕೂ ಇದೇ ಕಾರಣ. ಘಾಟಿಯಲ್ಲಿ ಮೊಬೈಲ್ ಕಿತ್ತುಕೊಳ್ಳಿ. ಬೆಳಿಗ್ಗೆ ಪೂರಿ-ಬನ್ಸ್ ಬೇಡ, ಇಡ್ಲಿ ಸಾಕು. ತಿರುಗುವ ರೈಡ್‌ಗಳನ್ನು ಊಟಕ್ಕೆ ಮುಂಚೆ ಮುಗಿಸಿ. ಊಟವಾದ ಮೇಲೆ ನೀರಿಗೆ ಇಳಿದರೂ ಅರ್ಧ ಗಂಟೆ ಬರೀ ಕಾಲು ನೆನೆಸಿಕೊಂಡು ಕೂತರೆ ಸಾಕು. ಒಂದು ಎಚ್ಚರ: ವಾಟರ್ ರೈಡ್‌ಗಳು ಉಳಿದವುಗಳಿಗಿಂತ ತಡವಾಗಿ ಶುರುವಾಗಿ ಬೇಗ ಮುಗಿಯುವುದುಂಟು. ಗೇಟಿನಲ್ಲೇ ಸಮಯ ಕೇಳಿಕೊಳ್ಳಿ.

ಮೂರು ಗಂಟೆಯ ಹೊತ್ತಿಗೆ 6 ವರ್ಷದವನ ಬ್ಯಾಟರಿ ಮುಗಿಯುತ್ತದೆ. ಆಗ ‘ಇನ್ನೊಂದೇ ರೈಡ್’ ಅಂತ ಎಳೆಯಬೇಡಿ. ನೆರಳಲ್ಲಿ ಕೂರಿಸಿ, ಏನಾದರೂ ಕುಡಿಸಿ, ಮಲಗಿದರೆ ಮಲಗಲಿ. ಅವನಿಗೆ ಐದಾರು ಚಿಕ್ಕ ರೈಡ್, ಒಂದಿಷ್ಟು ನೀರಾಟ ಆದರೆ ಹಬ್ಬ.

ನಿಜ ಹೇಳಬೇಕೆಂದರೆ ಮಗ ಒಬ್ಬನೇ ಆಗಿದ್ದರೆ ಬಿಡದಿಯವರೆಗೆ ಹೋಗಿ ಅಂತ ನಾನು ಹೇಳುತ್ತಲೇ ಇರಲಿಲ್ಲ. ಮೈಸೂರಿನ ಜಿಆರ್‌ಎಸ್ ಫ್ಯಾಂಟಸಿ ಪಾರ್ಕ್ ಅವನಿಗೆ ಧಾರಾಳ. ಅದೂ ಬೇಡ ಅಂದರೆ ಮಂಗಳೂರಿನ ಪಿಲಿಕುಳದಲ್ಲೇ ಮಾನಸ ವಾಟರ್ ಪಾರ್ಕ್ ಉಂಟು. ತೆರೆದಿದೆಯಾ ಅಂತ ಫೋನ್ ಮಾಡಿ ಒಂದು ದಿನ ಹೋಗಿ ಬನ್ನಿ. ನೀರು ಕಂಡರೆ ಹೆದರುತ್ತಾನಾ, ಕ್ಯೂನಲ್ಲಿ ನಿಲ್ಲುತ್ತಾನಾ ಅನ್ನುವುದು ಅಲ್ಲೇ ತಿಳಿಯುತ್ತದೆ. ಅತ್ತೆ-ಮಾವನೂ ಬಂದರೆ ಅವರನ್ನು ತಾರಾಲಯದಲ್ಲಿ ಕೂರಿಸಬಹುದು. 2018ರಲ್ಲಿ ತೆರೆದ ಸ್ವಾಮಿ ವಿವೇಕಾನಂದ ತಾರಾಲಯ ದೇಶದ ಮೊದಲ 3ಡಿ 8ಕೆ ತಾರಾಲಯ. ಒಳಗೆ ಎಸಿ, ಒರಗಿ ಕೂರುವ ಸೀಟು. ಸೋಮವಾರ ಹೋಗಬೇಡಿ, ಪಿಲಿಕುಳದ ಮೃಗಾಲಯಕ್ಕೆ ಅಂದು ರಜೆ.

ನಾಲ್ಕು ದಿನದಲ್ಲಿ ಪಾರ್ಕಿಗೆ ಒಂದೇ ದಿನ ಸಾಕು. ಹೋಗಲು ಒಂದು, ಬರಲು ಒಂದು. ಉಳಿದದ್ದನ್ನು ವಾಪಸು ಹೊರಡುವ ಮೊದಲು ಮೈಸೂರಿನಲ್ಲಿ ಖಾಲಿ ಬಿಡಿ. ಪಾರ್ಕ್ ಮುಗಿಸಿ ಅದೇ ರಾತ್ರಿ ಘಾಟಿ ಇಳಿಯುವ ಸಾಹಸ ಬೇಡ. ಡ್ರೈವಿಂಗ್ ಮಾಡುವವರೂ ಬೆಳಗಿನಿಂದ ನೀರಲ್ಲಿ ಆಡಿರುತ್ತಾರೆ ಅನ್ನುವುದು ಎಲ್ಲರಿಗೂ ಮರೆತುಹೋಗುತ್ತದೆ.

ಅತ್ತೆ-ಮಾವನನ್ನು ಪಾರ್ಕಿಗೂ ಕರೆದುಕೊಂಡು ಹೋಗಬೇಕಾ ಅಂತ ಕೊನೆಗೆ ಕೇಳಿದ್ದೀರಿ. ಬಿಪಿ, ಹೃದಯ, ಬೆನ್ನು ನೋವು ಇದ್ದವರಿಗೆ ಜೋರು ರೈಡ್ ಹೇಗೂ ಇಲ್ಲ. ಮೊಮ್ಮಕ್ಕಳು ಆಡುವುದನ್ನು ನೋಡುವುದೇ ಖುಷಿ ಅನ್ನುವ ಹಿರಿಯರೂ ಇದ್ದಾರೆ, ಬಿಸಿಲಲ್ಲಿ ಏಳು ಗಂಟೆ ಕೂರುವುದು ಶಿಕ್ಷೆ ಅನ್ನುವವರೂ ಇದ್ದಾರೆ. ಎರಡನೆಯವರಾದರೆ ಆ ದಿನ ಅವರು ಮೈಸೂರಿನಲ್ಲೇ ಉಳಿಯಲಿ. ಚಾಮುಂಡಿ ಬೆಟ್ಟ ಉಂಟು, ಮೃಗಾಲಯ ಉಂಟು. ಮೃಗಾಲಯಕ್ಕೆ ಸಾಮಾನ್ಯವಾಗಿ ಮಂಗಳವಾರ ರಜೆ, ಅದೊಂದು ನೆನಪಿರಲಿ. ಟಿಕೆಟ್ ಬುಕ್ ಮಾಡುವ ಮೊದಲು ಅವರನ್ನೇ ಕೇಳಿ. ಮಕ್ಕಳ ಎದುರು ಕೇಳಿದರೆ ಹೂಂ ಅಂದೇ ಅನ್ನುತ್ತಾರೆ. ಮಕ್ಕಳು ಶಾಲೆಗೆ ಹೋದ ಹೊತ್ತಿನಲ್ಲಿ ಕೇಳಿ, ಅದೂ ನಿಮ್ಮ ಯಜಮಾನರೇ ಕೇಳಲಿ.