ಕಿಂಗ್ಸ್ ಕ್ವೆಸ್ಟ್ 5: ಪೈ ತಿಂದ ಸೇವ್ ಇಟ್ಕೊಂಡು ಮಾರ್ಕ್ಸ್ ಹಾಕ್ಬೇಡಿ

ಬ್ರದರ್, ಕಿಂಗ್ಸ್ ಕ್ವೆಸ್ಟ್ 5 ಅನ್ನೋ 1990ರ ಕಂಪ್ಯೂಟರ್ ಸಾಹಸ ಗೇಮ್ ಬಗ್ಗೆ ನಿಮ್ಮ ಪೋಸ್ಟ್ ಪೂರ್ತಿ ಓದಿದೆ. ಚಿತ್ರ ಚೆನ್ನಾಗಿದೆ, ಆದ್ರೆ ಯೇತಿ (ಹಿಮದ ರಾಕ್ಷಸ) ಹತ್ರ ಬಗ್ (ಪ್ರೋಗ್ರಾಂ ದೋಷ) ಇದೆ, ಹತ್ತಕ್ಕೆ ನಾಲ್ಕು ಅಂತ ಬರೆದಿದ್ದೀರಿ. ಕೆಳಗೆ ಹಾಕಿರೋ ಇನ್ವೆಂಟರಿ (ಕೈಯಲ್ಲಿರೋ ಸಾಮಾನಿನ ಪಟ್ಟಿ) ಸ್ಕ್ರೀನ್‌ಶಾಟ್ ದೊಡ್ಡದು ಮಾಡಿ ನೋಡಿದೆ. ಕುರಿ ತೊಡೆ ಇಡಿಯಾಗಿ ಹಾಗೇ ಇದೆ, ಪೈ ಅನ್ನೋ ಬೇಕರಿ ತಿಂಡಿ ಇಲ್ಲ. ಅದು ಬಗ್ ಅಲ್ಲ. ಬೆಟ್ಟದಲ್ಲಿ ಗೇಮ್ ನಾಯಕ ಗ್ರಹಾಂಗೆ ಹಸಿವಾದಾಗ ನೀವು ಪೈ ತಿನ್ನಿಸಿಬಿಟ್ಟಿದ್ದೀರಿ. ಯೇತಿ ಮುಖಕ್ಕೆ ಎಸೆಯೋದು ಆ ಪೈನೇ, ಬೇರೆ ಯಾವುದೂ ನಡೆಯಲ್ಲ. ತೊಡೆ ಇಡಿಯಾಗಿದೆ ಅಂದ್ರೆ ಹದ್ದಿಗೂ ಏನೂ ಹಾಕಿಲ್ಲ. ಅರ್ಧ ನೀವು ತಿಂದು, ಉಳಿದ ಅರ್ಧ ಅದಕ್ಕೆ ಕೊಡಬೇಕಿತ್ತು. ಮುಂದೆ ರಾಕ್ ಅನ್ನೋ ದೈತ್ಯ ಹಕ್ಕಿಯ ಗೂಡಿಂದ ನಿಮ್ಮನ್ನ ಎತ್ತಿಕೊಂಡು ಹೋಗೋದು ಆ ಹದ್ದೇ. ಅಂದ್ರೆ ನಿಮ್ಮ ಸೇವ್ (ಆಟ ಎಲ್ಲಿಗೆ ಬಂತು ಅಂತ ಉಳಿಸಿಟ್ಟ ಫೈಲ್) ಎರಡು ಕಡೆ ಸತ್ತಿದೆ, ಹಗ್ಗ ಹತ್ತಿ ಬಂದ ಮೇಲೆ ಊರಿಗೆ ವಾಪಸ್ ದಾರಿಯೂ ಇಲ್ಲ. ಇರೋದು ಒಂದೇ ಸೇವ್ ಅಂತ ನೀವೇ ಬರೆದಿದ್ದೀರಿ. ಅದನ್ನ ಓದಿ ಹೊಟ್ಟೆ ಉರಿದಿದ್ದಕ್ಕೇ ಇಷ್ಟುದ್ದ ಬರೀತಿದ್ದೀನಿ.

ಯಾಕಂದ್ರೆ ನಾನೂ ಇದನ್ನೇ ಮಾಡಿದ್ದೆ. 1997, ಶಿವಮೊಗ್ಗ. ನಮ್ಮ ಭಾವನ ಆಫೀಸಲ್ಲಿ ಒಂದು 486 ಕಂಪ್ಯೂಟರ್ ಇತ್ತು, ಭಾನುವಾರ ಮಾತ್ರ ಬೀಗದ ಕೈ ಕೊಡ್ತಿದ್ರು. ಒಂದೇ ಸೇವ್, ಪ್ರತಿ ವಾರ ಅದರ ಮೇಲೇ ಬರೀತಿದ್ದೆ. ಗೇಮ್‌ನಲ್ಲಿ ಬೇಕರಿ ಹೊರಗೆ ಬೆಕ್ಕು ಇಲಿಯನ್ನ ಅಟ್ಟಿಸಿಕೊಂಡು ಓಡುತ್ತಲ್ಲ, ಅದನ್ನ ಊರಿನ ಅಲಂಕಾರ ಅಂದ್ಕೊಂಡು ಕೈಕಟ್ಟಿ ನೋಡ್ತಾ ಕೂತಿದ್ದೆ. ಎಷ್ಟು ಚೆನ್ನಾಗಿ ಓಡಿಸಿದ್ದಾರೆ ಅಂತ ಖುಷಿಪಟ್ಟಿದ್ದೆ. ವಾರಗಳಾದ ಮೇಲೆ ಗೇಮ್‌ನ ಹೋಟೆಲಿನವರು ಗ್ರಹಾಂ ತಲೆಗೆ ಹೊಡೆದು ನೆಲಮಾಳಿಗೆಯಲ್ಲಿ ಕಟ್ಟಿಹಾಕಿದ್ರು. ಬಿಚ್ಚಿಕೊಳ್ಳೋಕೆ ದಾರಿಯೇ ಇಲ್ಲ. ಸೇವ್ ತೆಗೆದು ಮತ್ತೆ ಹೋದೆ, ಮತ್ತೆ ಕಟ್ಟಿದ್ರು. ಏಳು ಭಾನುವಾರ ಹೀಗೇ ಹೋಯ್ತು. ಹಗ್ಗ ಕಡಿಯೋಕೆ ಬರೋದು ಆ ಇಲಿ. ಬೆಕ್ಕಿಗೆ ಬೂಟು ಎಸೆದು ಇಲಿಯನ್ನ ಉಳಿಸಿದ್ರೆ ಮಾತ್ರ ಬರುತ್ತೆ. ಅದು ಗೊತ್ತಾಗೋ ಹೊತ್ತಿಗೆ ಭಾವನಿಗೆ ವರ್ಗ ಆಗಿತ್ತು.

ಹಾಗಾಗಿ ದೌರ್ಬಲ್ಯ ಇಲ್ಲ ಅಂತ ನಾನು ಹೇಳ್ತಿಲ್ಲ. ಇದೆ, ದೊಡ್ಡದೇ ಇದೆ. ಆದ್ರೆ ಅದು ಎಲ್ಲಿದೆ ಅಂತ ಸರಿಯಾಗಿ ಹೇಳಿ. ಮಾತುಮಾತಿಗೂ ಸಾಯಿಸೋದು ದೋಷ ಅಲ್ಲ, ಸತ್ತರೆ ತಪ್ಪು ಎಲ್ಲಿ ಅಂತಾದ್ರೂ ಗೊತ್ತಾಗುತ್ತೆ. ಸೋತ ಮೇಲೂ ಏನೂ ಆಗಿಲ್ಲ ಅನ್ನೋ ಹಾಗೆ ಗಂಟೆಗಟ್ಟಲೆ ನಡೆಸೋದು ದೋಷ. ಪೈ, ಇಲಿ, ರಾಕ್ ಗೂಡಲ್ಲಿರೋ ಲಾಕೆಟ್, ಹಾರ್ಪಿ ದ್ವೀಪದ ಮೀನಿನ ಗಾಳ, ನಾಲ್ಕೂ ಇದೇ ಜಾತಿ. ಗಾಳ ಬಿಟ್ಟು ಹೋದ್ರೆ ಮಾಂತ್ರಿಕ ಮೊರ್ಡ್ಯಾಕ್‌ನ ಸೆರೆಮನೆಯಲ್ಲಿ ಇಲಿ ಬಿಲದಿಂದ ಚೀಸ್ ಎಳೆಯೋಕಾಗಲ್ಲ, ಚೀಸ್ ಇಲ್ದೆ ಕೊನೆಯ ಯಂತ್ರ ಓಡಲ್ಲ. ಅದೇ 1990ರಲ್ಲಿ ಬಂದ ಮಂಕಿ ಐಲ್ಯಾಂಡ್ ಗೇಮ್‌ನಲ್ಲಿ ಈ ಕಾಟ ಇಲ್ಲ. ಅಲ್ಲಿ ನೀವು ಹೋಲಿಸಿದ್ದು ಸರಿ, ಒಪ್ಪಿದೆ.

ಐಕಾನ್ ಒತ್ತಿ ಆಡೋದು ಸರಿ ಇಲ್ಲ ಅಂತ ಬರೆದಿದ್ದು ಒಪ್ಪಲ್ಲ. ಹಿಂದಿನ ನಾಲ್ಕು ಭಾಗಗಳಲ್ಲಿ ಇಂಗ್ಲಿಷ್ ವಾಕ್ಯ ಟೈಪ್ ಮಾಡಬೇಕಿತ್ತು. ಸ್ಪೆಲಿಂಗ್ ತಪ್ಪಿದ್ರೆ ಆಯ್ತು ಕಥೆ. ಕನ್ನಡ ಮೀಡಿಯಂನಲ್ಲಿ ಓದಿದ ನನ್ನಂಥವನಿಗೆ ಕಣ್ಣು, ಕೈ, ಬಾಯಿ ಅಂತ ಮೌಸಲ್ಲಿ ಒತ್ತಿ ಆಡೋದು ಬಾಗಿಲು ತೆಗೆದ ಹಾಗಾಯ್ತು. ನಷ್ಟವೂ ಆಯ್ತು ಅನ್ನಿ, ಎಲ್ಲದಕ್ಕೂ ಒಂದೇ ಕೈ ಐಕಾನ್ ಆದ್ರೆ ಯೋಚಿಸದೆ ಒತ್ತುತ್ತಾ ಹೋಗಬಹುದು. ನೀವು ಪೈ ತಿಂದಿದ್ದೂ ಹಾಗೇ ಇರಬೇಕು.

ಚಿತ್ರಗಳ ಬಗ್ಗೆ ಒಂದೇ ಸಾಲಲ್ಲಿ ಮುಗಿಸಿದ್ದೀರಿ, ಅದು ಅನ್ಯಾಯ. ಕೈಯಲ್ಲಿ ಬಣ್ಣ ಹಚ್ಚಿದ ಚಿತ್ರಗಳನ್ನ ಸ್ಕ್ಯಾನ್ ಮಾಡಿ 256 ಬಣ್ಣಕ್ಕೆ ಇಳಿಸಿದ್ದಾರೆ. ವಿಲೋ ಮರ ಆಗಿರೋ ರಾಜಕುಮಾರಿ ಹತ್ರ ಒಂದು ನಿಮಿಷ ಏನೂ ಒತ್ತದೆ ನಿಲ್ಲಿ. ಆದ್ರೆ ನಿಮ್ಮ ಸ್ಕ್ರೀನ್‌ಶಾಟ್ ಅಡ್ಡಕ್ಕೆ ಎಳೆದುಹೋಗಿದೆ, ಜೊತೆಗೆ ಮಸುಕು ಫಿಲ್ಟರ್ ಬೇರೆ! ಹಳೇ ಗೇಮ್ ಓಡಿಸೋ ಪ್ರೋಗ್ರಾಂಗಳಲ್ಲಿ ಡಾಸ್‌ಬಾಕ್ಸ್ ಬಿಡಿ, ಸ್ಕಮ್‌ವಿಎಂ ಹಾಕಿ. ಅದ್ರಲ್ಲಿ ಆಸ್ಪೆಕ್ಟ್ ರೇಷಿಯೋ ಕರೆಕ್ಷನ್ (ಅಗಲ-ಎತ್ತರದ ಅನುಪಾತ ಸರಿಮಾಡೋ ಆಯ್ಕೆ) ಆನ್ ಮಾಡಿ, ಫಿಲ್ಟರ್ ಪೂರ್ತಿ ತೆಗೀರಿ. 320x200 ಚಿತ್ರ 4:3 ಪರದೆಗೆ ಅಂತ ಬರೆದದ್ದು, ಅಗಲ ಟಿವಿಗಲ್ಲ. ಈ ಗುಂಪಲ್ಲಿ ಎಷ್ಟು ಸಲ ಹೇಳೋದು?

ಗೂಬೆ ಸೆಡ್ರಿಕ್ ಬಗ್ಗೆ ನಿಮ್ಮ ದೂರು ನ್ಯಾಯವೇ. ಜೊತೆಗೆ ಬರ್ತಾನೆ, ಕಷ್ಟದ ಜಾಗದಲ್ಲೆಲ್ಲ ಹೊರಗೇ ನಿಲ್ತಾನೆ. ಸಿಡಿ ಆವೃತ್ತಿಯಲ್ಲಿ ಗೇಮ್ ಮಾಡಿದ ಸಿಯೆರಾ ಕಂಪನಿ ನೌಕರರೇ ದನಿ ಕೊಟ್ಟಿದ್ದು, ಅವನ ಕಂಠ ಕಿವಿಗೆ ಚುಚ್ಚುತ್ತೆ. ಫ್ಲಾಪಿ ಆವೃತ್ತಿ ಸಿಕ್ಕರೆ ಅದನ್ನ ಆಡಿ, ಮಾತೆಲ್ಲ ಅಕ್ಷರದಲ್ಲಿ ಬರುತ್ತೆ, ನಿಧಾನವಾಗಿ ಓದಬಹುದು. ಆದ್ರೆ ಎಚ್ಚರ, ಅದ್ರಲ್ಲಿ ಕಾಪಿ ಪ್ರೊಟೆಕ್ಷನ್ (ನಕಲು ತಡೆಯೋ) ಪ್ರಶ್ನೆ ಬರುತ್ತೆ, ಮ್ಯಾನುಯಲ್ ಪಕ್ಕದಲ್ಲಿರಲಿ.

ಈಗ ಸೇವ್. ಇದೊಂದನ್ನ ದಯವಿಟ್ಟು ಕಲೀರಿ. ಹಳೇ ಸೇವ್ ಮೇಲೆ ಎಂದೂ ಬರೀಬೇಡಿ. ಎಫ್5 ಒತ್ತಿ ಹೊಸ ಹೆಸರು ಕೊಡಿ, ಹೆಸರಲ್ಲಿ ನಂಬರ್, ಜಾಗ, ಕೈಯಲ್ಲಿರೋ ಮುಖ್ಯ ಸಾಮಾನು ಇರಲಿ. ನನ್ನ ಪಟ್ಟಿ ಹೀಗಿರುತ್ತೆ: "07 ಬೇಕರಿ, ಬೂಟು ಇದೆ", "12 ಹಗ್ಗಕ್ಕೆ ಮೊದಲು, ಪೈ ಇದೆ, ತೊಡೆ ಇದೆ". ಗೇಮ್ ಒಳಗೆ ಇಂಗ್ಲಿಷಲ್ಲಿ ಚಿಕ್ಕದಾಗಿ ಹಾಕ್ತೀನಿ, ಕನ್ನಡದಲ್ಲಿ ನೋಟ್‌ಬುಕ್ಕಲ್ಲಿ ಬರೀತೀನಿ. ಯಾವ ಸಾಮಾನು ಎಲ್ಲಿ ಖರ್ಚಾಯ್ತು ಅಂತ ಎದುರಿಗೆ ಗೀಟು ಎಳೀತೀನಿ. ತಿನ್ನೋದು, ಎಸೆಯೋದು, ಕೊಡೋದು, ಇವಕ್ಕೆ ಮೊದಲು ತಪ್ಪದೆ ಸೇವ್. ವಾಪಸ್ ಬರೋಕಾಗದ ದಾರಿಗೆ ಮೊದಲು ಎರಡು ಸೇವ್. ಓಡೋ ದೃಶ್ಯದ ಮಧ್ಯೆ ಮಾತ್ರ ಮಾಡ್ಬೇಡಿ, ಬೆಕ್ಕು ಅರ್ಧ ದಾರಿ ದಾಟಿದ ಮೇಲಿನ ಸೇವ್ ಯಾವ ಕೆಲಸಕ್ಕೂ ಬರಲ್ಲ.

ಈ ಅಭ್ಯಾಸ 6ನೇ ಭಾಗಕ್ಕೂ ಬೇಕು. 1992ರದ್ದು, ಈ ಸರಣಿ ಹುಟ್ಟುಹಾಕಿದ ರೊಬರ್ಟಾ ವಿಲಿಯಮ್ಸ್ ಜೊತೆ ಜೇನ್ ಜೆನ್ಸನ್ ಸೇರಿ ಬರೆದದ್ದು. ಕಥೆ ಇದಕ್ಕಿಂತ ಗಟ್ಟಿ, ಕೊನೆಗೆ ಹೋಗೋಕೆ ಎರಡು ದಾರಿ ಇದೆ. ಆದ್ರೆ ಭೂಗತ ಸುರಂಗಕ್ಕೆ ಬೇಕಾದ್ದನ್ನ ಬಿಟ್ಟು ಇಳಿದ್ರೆ ಅಲ್ಲೂ ಇದೇ ಗತಿ.

ಈಗಿನ ಸೇವ್ ಪಕ್ಕಕ್ಕಿಟ್ಟು ಮೊದಲಿಂದ ಶುರು ಮಾಡಿ. ದಾರಿ ಗೊತ್ತಿದೆಯಲ್ಲ, ಒಂದೆರಡು ಸಂಜೆಯಲ್ಲಿ ಬೆಟ್ಟಕ್ಕೆ ಬಂದುಬಿಡ್ತೀರಿ. ಹಳೇ ಬೂಟು ಮರುಭೂಮಿಯಲ್ಲಿ ಅಸ್ಥಿಪಂಜರದ ಹತ್ರ ಬಿದ್ದಿರುತ್ತೆ. ಓಯಸಿಸ್‌ನಿಂದ ಓಯಸಿಸ್‌ಗೆ ಹೆಜ್ಜೆ ಎಣಿಸಿಕೊಂಡು ಹೋಗಿ, ಇಲ್ಲಾಂದ್ರೆ ಬಾಯಾರಿ ಸಾಯ್ತೀರಿ. ಬೂಟು ಬೆಕ್ಕಿಗೆ, ಕೋಲು ನಾಯಿಗೆ ಇಟ್ಕೊಳ್ಳಿ. ಇರುವೆ ಗೂಡು ಉಳಿದ್ರೇನೇ ಹುಲ್ಲಿನ ರಾಶಿಯಿಂದ ಚಿನ್ನದ ಸೂಜಿ ಸಿಗೋದು. ಬೇಕರಿ ತಲುಪಿದಾಗ ಇಲ್ಲೇ ಕೆಳಗೆ ಇನ್ವೆಂಟರಿ ಹಾಕಿ, ಏನು ಬಿಟ್ಟಿದ್ದೀರಿ ಅಂತ ನೋಡಿ ಹೇಳ್ತೀನಿ.